ಸೌಟಮ್ಮನ ಸ್ವಂತ ಮನೆ

ಬಡಿಸುವವರು ನಮ್ಮವರಾದರೆ ಕೊನೆ ಪಂಕ್ತಿಯಲ್ಲಿ ಕೂತರೇನು ಎಂಬ ಗಾದೆ ಕಟ್ಟಿದವರು ಸೌಟಮ್ಮನ ಕೈಯಲ್ಲಿ ಬಡಿಸಿಕೊಂಡವರಲ್ಲ. ಅವಳಿಗೆ ನಮ್ಮವರು ನಿಮ್ಮವರು ಎಂದು ಯಾರೂ ಇರಲಿಲ್ಲ. ಮನೆಯಿಲ್ಲದ ಹೆಂಗಸರಿಗಾಗಿ ಸರ್ಕಾರ ನಡೆಸುತ್ತಿದ್ದ ಆಶ್ರಯಧಾಮದಲ್ಲಿ ಅವಳು ಅಡುಗೆಯವಳು. ತಟ್ಟೆ ಹಿಡಿದು ಸಾಲಿನಲ್ಲಿ ಬಂದವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಸೌಟು. ಆದರೆ ಆ ಸೌಟು ಪಾತ್ರೆಯ ತಳ ಮುಟ್ಟಿ ಬರುತ್ತದೋ ಮೇಲ್ಮೇಲೆ ತೇಲಿ ಬರುತ್ತದೋ ಎಂಬುದು ಅವಳ ಮರ್ಜಿ. ಎದುರುತ್ತರ ಕೊಟ್ಟವಳಿಗೆ ವಾರವೆಲ್ಲ ಬರೀ ತಿಳಿ. ಹಾಗಾಗಿ ಹಿಂದೆ ಅವಳು ಸೌಟಮ್ಮ, ಮುಂದೆ ಅಕ್ಕ.

ಆಶ್ರಯಧಾಮದಲ್ಲಿ ಎರಡು ಜಾತಿಯ ಜನ, ಮನೆಯಿಲ್ಲದವರು ಮತ್ತು ಸಿಬ್ಬಂದಿ. ಸೌಟಮ್ಮ ತಾನು ಸಿಬ್ಬಂದಿ ಎಂಬುದನ್ನು ದಿನಕ್ಕೆ ಹತ್ತು ಸಲವಾದರೂ ಯಾರಾದರೊಬ್ಬರಿಗೆ ನೆನಪಿಸುತ್ತಿದ್ದಳು. ‘ನಿಮ್ಮ ಹಾಗೆ ನನಗೇನು ಮನೆ ಮಠ ಇಲ್ವಾ?’ ಎಂದು ಶುರುವಾದರೆ, ಮನೆಯ ಹಿತ್ತಲು, ಎರಡು ಕಿಟಕಿ, ಬಿಸಿಲು ಬೀಳುವ ಅಡುಗೆಮನೆ, ಎಲ್ಲ ಒಂದೊಂದಾಗಿ ಬರುತ್ತಿದ್ದವು. ಭಾನುವಾರ ಬೆಳಿಗ್ಗೆ ತೊಳೆದ ಸೀರೆ ಉಟ್ಟು, ಕೈಚೀಲ ಹಿಡಿದು, ‘ಮನೆಗೆ ಹೋಗಿಬರ್ತೀನಿ, ಧೂಳು ಹೊಡೆದು ಎಷ್ಟು ದಿನ ಆಯ್ತೋ’ ಎಂದು ಹೊರಡುತ್ತಿದ್ದಳು. ಸಂಜೆ ಸೊಂಟ ಹಿಡಿದುಕೊಂಡು, ‘ಅಯ್ಯೋ, ಸ್ವಂತ ಮನೆ ಅಂದ್ರೆ ಸುಮ್ನೆ ಅಲ್ಲಮ್ಮ’ ಎನ್ನುತ್ತ ವಾಪಸು ಬರುತ್ತಿದ್ದಳು.

ಬಾಯಿ ಬಿಟ್ಟರೆ ಬಣ್ಣಗೇಡು. ಹಿತ್ತಲೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ. ಗಂಡ ಸತ್ತ ವರ್ಷವೇ ಮೈದುನ ಇದ್ದೊಂದು ಮನೆಯನ್ನೂ ಮಾರಿ, ‘ಅತ್ತಿಗೆ, ನೀವು ಎಲ್ಲಾದ್ರೂ ನೋಡ್ಕೊಳ್ಳಿ’ ಎಂದಿದ್ದ. ಅವಳು ನೋಡಿಕೊಂಡಿದ್ದು ಆಶ್ರಯಧಾಮದ ಉಗ್ರಾಣವನ್ನು. ಮೂಟೆಗಳ ಹಿಂದೆ ಗೋಡೆಗೆ ಒತ್ತಿಕೊಂಡು ಒಂದು ಚಾಪೆ ಹಿಡಿಯುವಷ್ಟು ಜಾಗ, ಅದೇ ಅವಳ ಅರಮನೆ. ಬೆಳಿಗ್ಗೆ ಬೇಗ ಒಲೆ ಹಚ್ಚಬೇಕು ಎಂಬ ನೆಪಕ್ಕೆ ಅಲ್ಲಿ ಮಲಗಲು ವಾರ್ಡನ್ ಒಪ್ಪಿದ್ದ. ಉಳಿದವರು ಅವಳಿಗೆ ಕೆಲಸದ ಮೇಲೆ ಎಷ್ಟು ನಿಷ್ಠೆ ಎಂದುಕೊಂಡಿದ್ದರು. ಗೌರವಧನ ಎಂದು ಕೊಡುತ್ತಿದ್ದುದು ಬರುವಾಗಲೇ ಮೂರು ನಾಲ್ಕು ತಿಂಗಳು ತಡ. ಅದನ್ನು ನಂಬಿ ಒಂಟಿ ಹೆಂಗಸಿಗೆ ಬಾಡಿಗೆಗೆ ಕೊಡುವ ಪುಣ್ಯಾತ್ಮರು ಸಿಕ್ಕಿರಲಿಲ್ಲ. ಭಾನುವಾರ ಅವಳು ಹೋಗುತ್ತಿದ್ದುದು ಊರಾಚೆಯ ಉದ್ಯಾನಕ್ಕೆ. ಅಲ್ಲಿ ಸಂಜೆಯವರೆಗೆ ಕಲ್ಲುಬೆಂಚಿನ ಮೇಲೆ ಕೂತು, ಕೂತು, ಸೊಂಟ ನಿಜವಾಗಿಯೂ ನೋಯುತ್ತಿತ್ತು.

ಇನ್ನು ಗಂಟಮ್ಮ. ಇವಳು ಮನೆಯಿಲ್ಲದವರ ಜಾತಿ. ಸದಾ ಒಂದು ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂರುವವಳು, ಮಾತು ಕಡಿಮೆ, ಕೊಟ್ಟಿದ್ದನ್ನು ಉಂಡು ತಟ್ಟೆ ತೊಳೆದಿಟ್ಟು ಹೋಗುವವಳು. ಸೌಟಮ್ಮನಿಗೆ ಅವಳ ಮೇಲೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೆ ಅವಳ ಹತ್ತಿರ ಇದ್ದದ್ದಾದರೂ ಏನು?

ಹೀಗಿರುವಾಗ ವಸತಿ ಮಂತ್ರಿಗಳು ಮನೆಯಿಲ್ಲದವರ ಸಮಸ್ಯೆಯನ್ನು ಅಧ್ಯಯನ ಮಾಡಲು ವಿಮಾನ ಹತ್ತಿದರು. ತಮ್ಮ ಊರಿನ ಫುಟ್‌ಪಾತಿನಲ್ಲಿ ಆ ಸಮಸ್ಯೆ ಕಾಲಿಗೆ ತೊಡರುವಷ್ಟಿದ್ದರೂ, ಅದನ್ನು ದೂರದಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ ಎಂದು ಯಾರೋ ಹೇಳಿರಬೇಕು. ಜೊತೆಗೆ ಹೆಂಡತಿ, ಕಾರ್ಯದರ್ಶಿಗಳು, ಕಾರ್ಯದರ್ಶಿಗಳ ಹೆಂಡತಿಯರು. ಕಂಡವರ ದುಡ್ಡಿನಲ್ಲಿ ಪಯಣ ಎಂದರೆ ಆಯಾಸವೇ ಇರುವುದಿಲ್ಲ. ಒಂದು ದೇಶ ಮುಗಿಸಿ ಇನ್ನೊಂದಕ್ಕೆ ಹೋದರು. ಆ ಖರ್ಚಿನ ವಿವರವನ್ನು ಒಂದು ಪತ್ರಿಕೆ ಹೇಗೋ ಹೊರಗೆಳೆಯಿತು. ಅವರು ತಂಗಿದ್ದ ಹೋಟೆಲಿನ ಒಂದು ರಾತ್ರಿಯ ಬಾಡಿಗೆಯಲ್ಲಿ ಒಂದು ಆಶ್ರಯಧಾಮ ಆರು ತಿಂಗಳು ಉಣ್ಣಬಹುದಿತ್ತಂತೆ.

ಆಗಲೇ ಆ ಪತ್ರಿಕೆಯ ವರದಿಗಾರ್ತಿ ಸ್ಕೂಟರಿನಲ್ಲಿ ಆಶ್ರಯಧಾಮಕ್ಕೆ ಬಂದಳು. ಎಲ್ಲರೂ ಅವಳನ್ನು ಪೇಪರಿನ ಹುಡುಗಿ ಎಂದರು. ಬಂದವಳು ನೆಟ್ಟಗೆ ಅಡುಗೆಮನೆಗೇ ನುಗ್ಗಿ, ಈರುಳ್ಳಿ ಹೆಚ್ಚುತ್ತಿದ್ದ ಸೌಟಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

‘ಅಮ್ಮಾ, ನೀವು ಇಲ್ಲಿಗೆ ಬಂದು ಎಷ್ಟು ದಿನ ಆಯ್ತು? ಮನೆ ಹೇಗೆ ಹೋಯ್ತು?’

ಕಣ್ಣಲ್ಲಿ ಈರುಳ್ಳಿಯ ನೀರು. ಅದನ್ನು ಕಂಡು ಹುಡುಗಿಯ ಮುಖ ಮೆತ್ತಗಾಯಿತು. ಆ ಮೆತ್ತಗಾದ ಮುಖ ಸೌಟಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವಳು ಎದ್ದು ನಿಂತಳು.

‘ಯಾರಿಗ್ರೀ ಕೇಳ್ತಿದೀರಾ? ನಾನು ಸಿಬ್ಬಂದಿ. ನನಗೆ ಸ್ವಂತ ಮನೆ ಇದೆ. ಹಿತ್ತಲಿದೆ.’

‘ಅಯ್ಯೋ, ತಪ್ಪಾಯ್ತಮ್ಮ, ಗೊತ್ತಾಗ್ಲಿಲ್ಲ.’

‘ಗೊತ್ತಾಗಲ್ಲ ನಿಮಗೆಲ್ಲ. ಮನೆ ಇಲ್ಲದವರು ಬೇಕಾ? ಬನ್ನಿ, ತೋರಿಸ್ತೀನಿ.’

ಹಾಗೆ ಹೋಗಿ ತೋರಿಸಿದ್ದು ಗಂಟಮ್ಮನನ್ನು. ಅಷ್ಟಕ್ಕೇ ಬಿಟ್ಟಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಆದರೆ ಮಾಡುವ ಕೆಲಸ ಅಚ್ಚುಕಟ್ಟಾಗಿ ಮಾಡಬೇಕೆಂಬ ಚಟ ಅವಳದು. ಗಂಟಮ್ಮ ಗೋಡೆಗೊರಗಿ ನೆಮ್ಮದಿಯಾಗಿ ಕೂತಿದ್ದು ಅವಳಿಗೆ ಸರಿಬರಲಿಲ್ಲ. ಮನೆಯಿಲ್ಲದವಳು ಹಾಗೆ ಕೂರುವುದುಂಟೇ?

‘ಏನೇ, ಮಲಕ್ಕೋ. ಗಂಟು ತಲೆ ಕೆಳಗೆ ಇಟ್ಕೋ. ಚಪ್ಪಲಿ ತೆಗಿ, ಕಾಲು ಕಾಣ್ಲಿ.’

‘ಈಗ ಮಧ್ಯಾಹ್ನ ಅಲ್ವಾ ಅಕ್ಕಾ, ನಿದ್ದೆ ಬರಲ್ಲ.’

‘ನಿದ್ದೆ ಮಾಡು ಅಂದ್ನಾ? ಮಲಕ್ಕೋ ಅಂದೆ.’

ಸೆರಗನ್ನು ಅವಳೇ ಎಳೆದು ಸರಿಮಾಡಿದಳು, ಅಂದರೆ ಕೆಡಿಸಿದಳು. ಕೂದಲನ್ನು ಎರಡು ಎಳೆ ಹಣೆಯ ಮೇಲೆ ಬಿಟ್ಟಳು. ಒಡಕು ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಹಾಗೆ ಚಾಪೆಯನ್ನು ಎಳೆದಳು. ಪೇಪರಿನ ಹುಡುಗಿ ಚಕಚಕನೆ ಫೋಟೊ ತೆಗೆದುಕೊಂಡು, ಇಬ್ಬರಿಗೂ ಕೈ ಮುಗಿದು ಹೋದಳು.

ಮರುದಿನ ಪತ್ರಿಕೆಯ ಮುಖಪುಟದಲ್ಲಿ ಎರಡು ಚಿತ್ರ ಅಕ್ಕಪಕ್ಕ ಬಂದವು. ಒಂದರಲ್ಲಿ ಮಂತ್ರಿಗಳು ತಂಗಿದ್ದ ಕೋಣೆಯ ಮಂಚ, ಒಂದು ಸಂಸಾರವೇ ಉರುಳಾಡುವಷ್ಟು ಅಗಲ. ಇನ್ನೊಂದರಲ್ಲಿ ಗಂಟಮ್ಮ. ಎಂಥ ಚಿತ್ರ! ಕಲ್ಲು ಕರಗಬೇಕು. ಊರಿನ ಫೋನುಗಳಲ್ಲೆಲ್ಲ ಅದೇ ಓಡಾಡಿತು. ಟೀವಿಯವರು ಮಂತ್ರಿಗಳ ಮನೆ ಮುಂದೆ ನಿಂತರು, ಸದನದಲ್ಲಿ ಕೂಗಾಟವಾಯಿತು, ತೆರಿಗೆ ಕಟ್ಟುವವರು ತಾವು ತೆರಿಗೆ ಕಟ್ಟುತ್ತೇವೆಂದು ಎದೆ ತಟ್ಟಿ ಹೇಳಿದರು. ವರದಿಯ ಕೊನೆಯಲ್ಲಿ ಎರಡು ಸಾಲು ಸೌಟಮ್ಮನ ಬಗ್ಗೆಯೂ ಇತ್ತು: ‘ನನಗೆ ದೇವರು ಸ್ವಂತ ಮನೆ ಕೊಟ್ಟಿದ್ದಾನೆ, ಇವರನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ ಎನ್ನುತ್ತಾರೆ ಇಲ್ಲಿನ ಅಡುಗೆಯವರು.’ ಕರುಳಿನ ಮಾತು ಅವಳು ಆಡಿದ್ದಲ್ಲ, ಆದರೂ ಓದಿಸಿಕೊಂಡು ಕೇಳಿ ಖುಷಿಯಾದಳು. ಹಿತ್ತಲನ್ನು ಬಿಟ್ಟುಬಿಟ್ಟರಲ್ಲ ಎಂಬುದೊಂದೇ ಕೊರಗು.

ಆ ಖುಷಿ ಒಂದು ವಾರ ಬಾಳಿತು. ಮಂತ್ರಿಗಳು ಕತ್ತರಿಸಿಹೋದ ಮೂಗನ್ನು ಅಂಟಿಸಿಕೊಳ್ಳುವುದಕ್ಕೆ ಮೈಕಿನ ಮುಂದೆ ಬಂದು, ಆ ಚಿತ್ರದಲ್ಲಿರುವ ತಾಯಿಗೆ ತಕ್ಷಣ ಒಂದು ಮನೆ ಎಂದು ಘೋಷಿಸಿದರು.

ಸೌಟಮ್ಮನ ಕೈಯಲ್ಲಿ ಆಗ ಸೌಟು ಇತ್ತು. ಅದು ಪಾತ್ರೆಯೊಳಗೆ ಬಿತ್ತು.

‘ಆ ಚಿತ್ರದಲ್ಲಿ ಅವಳದ್ದೇನಿದೆ?’ ಎಂದು ಅವಳು ಬೇಯುತ್ತಿದ್ದ ಬೇಳೆಯನ್ನು ಕೇಳಿದಳು. ‘ಮಲಗಿಸಿದ್ದು ನಾನು. ಚಪ್ಪಲಿ ಬಿಡಿಸಿದ್ದು ನಾನು. ಆ ಎರಡೆಳೆ ಕೂದಲು ಬಿಟ್ಟಿದ್ದು ಯಾರು?’ ಬೇಳೆ ಕುದಿಯಿತು, ಅವಳೂ ಕುದಿದಳು. ಉಗ್ರಾಣದಲ್ಲಿ ಮೂಟೆಗಳ ಹಿಂದೆ ಮಲಗಿ, ಪೇಪರಿನ ಹುಡುಗಿ ಮೊದಲು ಬಂದು ಕೂತಿದ್ದು ತನ್ನ ಮುಂದೆಯೇ ಎಂಬುದನ್ನು ನೆನೆದು ನೆನೆದು ಹೊರಳಾಡಿದಳು. ಮನೆ ತಾನಾಗಿ ಹುಡುಕಿಕೊಂಡು ಅಡುಗೆಮನೆಯ ಒಳಗೇ ಬಂದು, ಕುಕ್ಕರುಗಾಲಲ್ಲಿ ಕೂತು, ‘ಅಮ್ಮಾ’ ಎಂದು ಕರೆದಿತ್ತು. ಅದನ್ನು ಕೈ ಹಿಡಿದು ಕರೆದೊಯ್ದು ಇನ್ನೊಬ್ಬಳ ಮಡಿಲಿಗೆ ಹಾಕಿ ಬಂದವಳು ತಾನೇ. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ ಇರಬೇಕು.

ಮನೆಯ ಬೀಗದ ಕೈ ಕೊಡಲು ಇಲಾಖೆಯ ಗುಮಾಸ್ತ ಬಂದ. ಕ್ಯಾಮೆರಾಗಳ ಮುಂದೆ ಗಂಟಮ್ಮನ ಕೈಗೆ ಕೊಟ್ಟು, ಕ್ಯಾಮೆರಾ ಹೋದ ಮೇಲೆ ಷರತ್ತು ಹೇಳಿದ. ‘ನೋಡಮ್ಮ, ಈ ಮನೆ ನಿನಗೊಬ್ಬಳಿಗೇ. ನೆಂಟರು ಇಷ್ಟರು ಅಂತ ಯಾರನ್ನೂ ಇಟ್ಕೊಳ್ಳೋ ಹಾಗಿಲ್ಲ. ಇನ್ನೊಬ್ಬರು ವಾಸ ಇರೋದು ಗೊತ್ತಾದ್ರೆ ಮನೆ ವಾಪಸ್. ಈಗ ಪೇಪರಿನವರ ಕಣ್ಣೆಲ್ಲ ನಿನ್ನ ಮೇಲಿದೆ, ತಿಳ್ಕೋ.’ ಗಂಟಮ್ಮ ತಲೆಯಾಡಿಸಿದಳು. ಹೊರಡುವಾಗ ಅಡುಗೆಮನೆಗೆ ಬಂದು ಸೌಟಮ್ಮನ ಕಾಲಿಗೆ ಬಗ್ಗಿದಳು. ‘ಎಲ್ಲ ನಿಮ್ಮಿಂದ ಅಕ್ಕಾ.’ ಅದು ನಿಜವಾಗಿದ್ದರಿಂದ ಸೌಟಮ್ಮನಿಗೆ ಮೈಯೆಲ್ಲ ಉರಿಯಿತು.

ಅವಳು ಸುಮ್ಮನೆ ಕೂರುವವಳಲ್ಲ. ಎರಡು ದಿನ ಬಿಟ್ಟು ವಾರ್ಡನ್ನನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ನನಗೂ ಒಂದು ಅರ್ಜಿ ಹಾಕಿಸಿ ಎಂದು ಗೋಡೆ ನೋಡಿಕೊಂಡು ಹೇಳಿದಳು.

ವಾರ್ಡನ್ ಕೆಟ್ಟವನಲ್ಲ, ಪುಕ್ಕಲ. ‘ಅರ್ಜಿ ಹಾಕೋದು ಹೋಗ್ಲಿ ಅಮ್ಮಾ, ನಾನೇ ನಿನ್ನನ್ನ ಕರೀಬೇಕು ಅಂತಿದ್ದೆ. ಮುಂದಿನ ವಾರದಿಂದ ತಪಾಸಣೆಯವರು ಬರ್ತಾರೆ. ಎಲ್ಲೆಲ್ಲಿ ಏನೇನು ದುರುಪಯೋಗ ಆಗ್ತಿದೆ ಅಂತ ನೋಡ್ತಾರಂತೆ. ಉಗ್ರಾಣದಲ್ಲಿ ಯಾರೂ ಮಲಗೋ ಹಾಗಿಲ್ಲ. ನೀನು ರಾತ್ರಿ ಮನೆಗೆ ಹೋಗಿಬಿಡು.’

‘ಯಾವ ಮನೆ ಸಾರ್?’

‘ನಿನ್ನ ಮನೆಯಮ್ಮ. ಪೇಪರಲ್ಲೇ ಬಂದಿದೆಯಲ್ಲ!’

ನೋಡಿ, ಲೋಕ ನಡೆಯುವ ರೀತಿ ಇದು. ಜನ ಕೇಳಿದ್ದು ಮಂತ್ರಿಗಳ ವಿಮಾನದ ಲೆಕ್ಕ. ಮೇಲಿನವರು ತೆಗೆದುಕೊಟ್ಟಿದ್ದು ಅಡುಗೆಯವಳ ಚಾಪೆಯ ಲೆಕ್ಕ. ಸೌಟಮ್ಮನಿಗೆ ಆಗ ನಾಲಗೆ ತುದಿಗೆ ನಿಜ ಬಂದಿತ್ತು. ಆದರೆ ಬಾಗಿಲ ಸಂದಿಯಲ್ಲಿ ಇಬ್ಬರು ಹೆಂಗಸರು ಕಿವಿಗೊಟ್ಟು ನಿಂತಿದ್ದರು, ಇಬ್ಬರೂ ಅವಳ ಕೈಯ ತಿಳಿ ಕುಡಿದವರು. ಅವಳು ನಿಜವನ್ನು ನುಂಗಿ, ‘ಸರಿ, ಹಿತ್ತಲೂ ಒಣಗ್ತಾ ಇತ್ತು’ ಎಂದು ಹೊರಗೆ ಬಂದಳು.

ಮೊದಲ ಕೆಲವು ರಾತ್ರಿ ಬಸ್ ನಿಲ್ದಾಣದಲ್ಲಿ ಕಳೆದವು. ಅಲ್ಲಿ ಮಲಗುವ ಹಾಗಿಲ್ಲ, ಕೂರಬೇಕು, ಬಸ್ಸಿಗೆ ಕಾಯುವವಳ ಮುಖ ಹಾಕಬೇಕು. ಆಮೇಲೆ ಒಂದು ಸಂಜೆ, ‘ಅವಳಿಗೆ ಒಲೆ ಹಚ್ಚೋಕೆ ಬರುತ್ತೋ ಇಲ್ವೋ, ನೋಡಿಬರೋಣ’ ಎಂದು ತನಗೆ ತಾನೇ ಹೇಳಿಕೊಂಡು ಗಂಟಮ್ಮನ ಮನೆಯ ಮೆಟ್ಟಿಲು ಹತ್ತಿದಳು.

ಒಂದು ಕೋಣೆ, ಅದರ ಮೂಲೆಯಲ್ಲಿ ಅಡುಗೆ ಕಟ್ಟೆ, ಒಂದು ಬಚ್ಚಲು. ಸೌಟಮ್ಮನ ಕಣ್ಣು ಒಂದೊಂದನ್ನೂ ಮುಟ್ಟಿ ಬಂತು. ನಲ್ಲಿ ತಿರುಗಿಸಿದರೆ ನೀರು. ಗುಂಡಿ ಒತ್ತಿದರೆ ದೀಪ. ಕಿಟಕಿಯೂ ಎರಡು! ತಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ಕಿಟಕಿಗಳನ್ನು ಯಾರೋ ತಂದು ಇವಳ ಗೋಡೆಗೆ ಜೋಡಿಸಿದ ಹಾಗೆ ಅವಳಿಗೆ ಸಂಕಟವಾಯಿತು.

‘ಕಿಟಕಿ ಬಾಗಿಲು ಸರಿಯಾಗಿ ಕೂತಿಲ್ಲ’ ಎಂದಳು. ‘ಬಚ್ಚಲಿಗೆ ಇಳಿಜಾರು ಸಾಲದು. ಬಣ್ಣ ಇದೇನು, ಜ್ವರ ಬಂದೋರ ಮುಖದ ಹಾಗೆ.’

‘ಹೌದಕ್ಕಾ’ ಎಂದಳು ಗಂಟಮ್ಮ. ಎರಡು ತಟ್ಟೆ ಇಟ್ಟಳು. ಬಡಿಸಿದ್ದನ್ನು ಸೌಟಮ್ಮ ಬಾಯಿಗಿಟ್ಟು ನೋಡಿದಳು. ಉಪ್ಪು ಹದವಾಗಿತ್ತು. ಅದೊಂದಾದರೂ ಕೆಟ್ಟಿದ್ದರೆ ಅವಳಿಗೆ ಎಷ್ಟೋ ಹಿತವಾಗುತ್ತಿತ್ತು.

ಊಟವಾದ ಮೇಲೆ ಗಂಟಮ್ಮ ಏನೂ ಕೇಳದೆ ಚಾಪೆ ಹಾಸಿದಳು.

‘ಯಾಕೇ, ನಾನು ಮನೆಗೆ ಹೋಗ್ಬೇಕು.’

‘ಹೋಗೋರಂತೆ ಬಿಡಿ ಅಕ್ಕಾ.’ ಗಂಟಮ್ಮ ದಿಂಬು ತಟ್ಟಿದಳು. ‘ಭಾನುವಾರ ನಾನೂ ಉದ್ಯಾನಕ್ಕೆ ಬರ್ತಿದ್ದೆ. ನೀವು ಬೆಂಚಿನ ಮೇಲೆ ಇರೋದು ಕಂಡ್ರೆ ಹಿಂದಿನ ಗೇಟಿಂದ ವಾಪಸ್ ಹೋಗ್ಬಿಡ್ತಿದ್ದೆ.’

ಸೌಟಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಇಷ್ಟು ವರ್ಷ ತಾನು ಹಿತ್ತಲು, ಕಿಟಕಿ ಎಂದು ಬಡಾಯಿ ಕೊಚ್ಚಿದಾಗಲೂ ಇವಳಿಗೆ ಗೊತ್ತಿತ್ತು. ಗೊತ್ತಿದ್ದೂ ಪಿಟ್ಟೆನ್ನಲಿಲ್ಲ. ಬೇರೆಯವರಾಗಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತೇನೋ. ಸೌಟಮ್ಮನಿಗೆ ಬಂದದ್ದು ಮತ್ತೂ ಒಂದು ಹೊಟ್ಟೆಯುರಿ. ಮನೆಯೂ ಇವಳದೇ, ದೊಡ್ಡ ಮನಸ್ಸೂ ಇವಳದೇ ಆದರೆ ತನ್ನ ಪಾಲಿಗೆ ಉಳಿದದ್ದೇನು?

ಹಾಗೇ ದಿನ ಹೋದವು. ಬೆಳಗಾಗುವ ಮೊದಲು ಹೊರಟು, ಕತ್ತಲು ಕವಿದ ಮೇಲೆ ಬಂದು, ನೆರೆಯವರ ಕಣ್ಣಿಗೆ ಬೀಳದ ಹಾಗೆ ಇರುತ್ತಿದ್ದಳು. ಇದ್ದಷ್ಟು ಹೊತ್ತೂ ಪಾತ್ರೆಗಳ ಜಾಗ ಬದಲಾಯಿಸುತ್ತಿದ್ದಳು. ಗಂಟಮ್ಮ ಅವನ್ನು ಮತ್ತೆ ಮೊದಲಿನ ಜಾಗಕ್ಕೆ ಇಡುತ್ತಿದ್ದಳು. ಇಬ್ಬರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಕೆಲವು ಸಲ ಗುಮಾಸ್ತ ಬಂದು ಬಾಗಿಲು ತಟ್ಟಲಿ, ಈ ಎರಡು ಕಿಟಕಿಯ ಸೊಕ್ಕು ಇಳಿಯಲಿ ಎಂದೂ ಸೌಟಮ್ಮನಿಗೆ ಅನ್ನಿಸುತ್ತಿತ್ತು. ಅನ್ನಿಸಿದ ಮರುಕ್ಷಣ ತನ್ನ ಚಾಪೆಯೂ ಅಲ್ಲೇ ಇರುವುದು ನೆನಪಾಗುತ್ತಿತ್ತು.

ಒಂದು ಭಾನುವಾರ, ಸೌಟಮ್ಮನಿಗೆ ರಜೆಯ ದಿನ, ಸಂಜೆ ಬಾಗಿಲು ತಟ್ಟಿದ್ದು ಗುಮಾಸ್ತನಲ್ಲ, ಪೇಪರಿನ ಹುಡುಗಿ. ಮನೆ ಸಿಕ್ಕ ಮೇಲೆ ಗಂಟಮ್ಮನ ಬದುಕು ಹೇಗಿದೆ ಎಂದು ಬರೆಯಲು ಬಂದಿದ್ದಳು. ಒಳಗೆ ಕಾಲಿಟ್ಟವಳು ಸೌಟಮ್ಮನನ್ನು ಕಂಡು ನಿಂತಳು. ಸೌಟಮ್ಮ ಹಳೆಯ ಸೀರೆಯಲ್ಲಿ ನೆಲ ಒರೆಸುತ್ತಿದ್ದಳು. ಮೂಲೆಯಲ್ಲಿ ಎರಡು ಚಾಪೆ, ಹಗ್ಗದ ಮೇಲೆ ಇಬ್ಬರ ಬಟ್ಟೆ.

‘ಅರೆ, ಅಡುಗೆಯಮ್ಮ ಅಲ್ವಾ? ನೀವು ಇಲ್ಲೇ ಇರ್ತೀರಾ?’

ಮೊದಲ ಸಲ ತಪ್ಪಿಹೋದದ್ದು ತಾನಾಗಿ ಮತ್ತೆ ಬಂದು ಎದುರು ನಿಂತಿತ್ತು. ಸೌಟಮ್ಮನ ನಾಲಗೆಯ ಮೇಲೆ ಮಾತು ಸಿದ್ಧವಾಗಿತ್ತು. ‘ಹೌದು, ಇಲ್ಲೇ ಇರ್ತೀನಿ, ನನಗೆ ಮನೆ ಇಲ್ಲ.’ ಇಷ್ಟು ಹೇಳಿದರೆ ನಾಳೆ ಪೇಪರಿನಲ್ಲಿ ತನ್ನ ಚಿತ್ರ; ಯಾರಿಗೆ ಗೊತ್ತು, ಮಂತ್ರಿಗಳಿಗೆ ಇನ್ನೊಂದು ಮೂಗು ಬೇಕಾದೀತು. ಮತ್ತು ಇಷ್ಟು ಹೇಳಿದರೆ ಗಂಟಮ್ಮನ ಬೀಗದ ಕೈ ಗುಮಾಸ್ತನ ಜೇಬಿಗೆ. ತಿಂಗಳಿಂದ ಅವಳು ಬಯಸಿದ್ದ ಎರಡೂ ಒಂದೇ ಮಾತಿನಲ್ಲಿ ಕೂತಿದ್ದವು.

ಅವಳು ಬಾಯಿ ತೆರೆಯುವ ಮುಂಚೆ ಗಂಟಮ್ಮ ಮಾತಾಡಿದಳು, ಅದೂ ಎಂದೂ ಮಾತಾಡದವಳು. ‘ಇಲ್ಲಮ್ಮ, ಅಕ್ಕನಿಗೆ ಇಲ್ಲಿರೋದೇನು ಕರ್ಮ? ಅವರ ಮನೆ ಎಷ್ಟು ದೊಡ್ಡದು ಗೊತ್ತಾ? ಹಿತ್ತಲು, ಬಿಸಿಲು ಬೀಳೋ ಅಡುಗೆಮನೆ. ನನಗೆ ಒಬ್ಬಳಿಗೇ ಭಯ ಆಗುತ್ತೆ ಅಂತ ಭಾನುವಾರ ಬಂದುಹೋಗ್ತಾರೆ. ಒಳ್ಳೇ ಜನ.’

ಆ ಸುಳ್ಳನ್ನು ಅವಳು ತನ್ನ ಮನೆ ಉಳಿಸಿಕೊಳ್ಳಲು ಹೇಳಿದಳೋ, ಸೌಟಮ್ಮನ ಮಾನ ಉಳಿಸಲು ಹೇಳಿದಳೋ, ಮುಖ ನೋಡಿದರೆ ತಿಳಿಯುವ ಹಾಗಿರಲಿಲ್ಲ. ಹಿತ್ತಲನ್ನು ಮಾತ್ರ ಮರೆತಿರಲಿಲ್ಲ.

‘ಹೌದು’ ಎಂದಳು ಸೌಟಮ್ಮ. ಅದು ಒಳ್ಳೆಯತನವೋ, ಜಂಬವೋ, ಅಂದಿನ ರಾತ್ರಿಯ ಚಾಪೆಯ ಚಿಂತೆಯೋ, ಅವಳನ್ನೇ ಕೇಳಿದ್ದರೂ ಹೇಳುತ್ತಿರಲಿಲ್ಲ. ‘ಹೌದು, ನಾನು ಹೊರಟೆ. ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು.’

‘ಒಂದೈದು ನಿಮಿಷ ಇರಿ ಅಮ್ಮಾ, ನಾನೇ ಸ್ಕೂಟರಲ್ಲಿ ಬಿಡ್ತೀನಿ’ ಎಂದಳು ಹುಡುಗಿ. ‘ಅವತ್ತು ನಿಮ್ಮನ್ನ ಮನೆ ಇಲ್ಲದೋರು ಅಂದ್ಕೊಂಡುಬಿಟ್ಟೆ. ಇನ್ನೂ ಮನಸ್ಸಿಗೆ ಚುಚ್ಚುತ್ತೆ.’

ಬೇಡವೆಂದರೂ ಕೇಳಲಿಲ್ಲ. ಸ್ಕೂಟರು ಹೊರಟಿತು. ‘ಯಾವ ಕಡೆ ಅಮ್ಮಾ?’ ಎಂದಾಗಲೆಲ್ಲ ಸೌಟಮ್ಮ ಎಡಕ್ಕೆ ಎಂದಳು, ಬಲಕ್ಕೆ ಎಂದಳು. ಬೀದಿಯುದ್ದಕ್ಕೂ ಮನೆಗಳು ಬಂದು ಹೋದವು. ಅಂಥ ಇಕ್ಕಟ್ಟಿನಲ್ಲೂ ಅವಳು ಆರಿಸುವುದನ್ನು ಬಿಡಲಿಲ್ಲ. ಒಂದಕ್ಕೆ ನಾಯಿ ಇತ್ತು, ಬೇಡ. ಒಂದರ ಗೋಡೆ ಬಿರುಕು ಬಿಟ್ಟಿತ್ತು. ಸುಳ್ಳು ಮನೆಯಾದರೇನು, ಒಂದು ಅಂತಸ್ತು ಬೇಡವೇ? ಕೊನೆಗೆ ನೀಲಿ ಗೇಟಿನ, ಪಕ್ಕದಲ್ಲಿ ನುಗ್ಗೆಮರ ಇಣುಕುವ ಒಂದು ಮನೆಯ ಮುಂದೆ ಭುಜ ತಟ್ಟಿ, ‘ಇದೇ’ ಎಂದಳು.

‘ಎಷ್ಟು ಚೆನ್ನಾಗಿದೆ ಅಮ್ಮಾ! ನೀವು ಒಳಗೆ ಹೋಗಿ, ಆಮೇಲೆ ನಾನು ಹೊರಡ್ತೀನಿ.’

ಹೋಗದೆ ವಿಧಿಯಿರಲಿಲ್ಲ. ಗೇಟು ತಳ್ಳಿದಳು. ಬಾಗಿಲು ತಟ್ಟಿದಳು. ಬೆನ್ನಿಗೆ ಸ್ಕೂಟರಿನ ದೀಪ ಬಿದ್ದಿತ್ತು. ಬಾಗಿಲು ತೆರೆದವಳು ಅವಳದೇ ವಯಸ್ಸಿನ ಹೆಂಗಸು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಅವಳ ಭುಜದ ಆಚೆ ಒಂದು ಮಂಚ, ಮಡಿಸಿಟ್ಟ ಹೊದಿಕೆ, ಅದರ ಆಚೆ ದೀಪ ಹೊತ್ತಿದ್ದ ಅಡುಗೆಮನೆ ಕಂಡವು. ಸೌಟಮ್ಮ ಒಂದು ಗಳಿಗೆ ತಾನು ಬಂದದ್ದೇಕೆ ಎಂಬುದನ್ನೇ ಮರೆತು ನೋಡಿದಳು.

‘ಯಾರು ಬೇಕಿತ್ತು?’

‘ನಾನೇ, ಬಂದೆ’ ಎಂದಳು ಸೌಟಮ್ಮ, ಸ್ಕೂಟರಿಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ದನಿ ತಗ್ಗಿಸಿದಳು. ‘ತಾಯಿ, ಆ ಹುಡುಗಿ ಹೋಗೋವರೆಗೆ ಒಂದ್ನಿಮಿಷ ಒಳಗೆ ಬಿಡಿ. ಆಮೇಲೆ ಹೊರಟುಹೋಗ್ತೀನಿ.’

‘ಯಾಕೆ? ಯಾರು ನೀವು?’

ಯಾರಿಗೂ ಹೇಳದ ಮಾತು, ವಾರ್ಡನ್ನನ ಮುಂದೆ ನುಂಗಿದ ಮಾತು, ಪೇಪರಿನಲ್ಲಿ ಅಚ್ಚಾಗಬೇಕಿದ್ದ ಮಾತು ಆಗ ಹೊರಗೆ ಬಂತು. ‘ನನಗೆ ಮನೆ ಇಲ್ಲ ತಾಯಿ.’

ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ‘ಈಗೇನೂ ಇಲ್ಲಮ್ಮ, ಮುಂದೆ ಹೋಗು’ ಎಂದಳು. ಬಾಗಿಲು ಹಾಕಿಕೊಂಡಿತು.

ಸೌಟಮ್ಮ ತಿರುಗಿ ನೋಡಿದಾಗ ಸ್ಕೂಟರಿನ ಹಿಂದಿನ ದೀಪ ಬೀದಿಯ ತಿರುವಿನಲ್ಲಿತ್ತು. ಬಾಗಿಲು ತೆರೆದದ್ದನ್ನು ಕಂಡು ಹುಡುಗಿ ಸಮಾಧಾನದಿಂದ ಹೊರಟಿದ್ದಳು. ಸೌಟಮ್ಮ ಗೇಟು ಎಳೆದುಕೊಂಡು ಬಂದ ದಾರಿಯಲ್ಲೇ ನಡೆಯತೊಡಗಿದಳು. ಎಡಕ್ಕೆ, ಬಲಕ್ಕೆ ಎಂದು ಬಾಯಿಗೆ ಬಂದ ಹಾಗೆ ತಿರುಗಿಸಿದ್ದರಿಂದ ದಾರಿ ಬಹಳ ದೂರವಾಗಿತ್ತು. ಅಷ್ಟು ದೂರದಲ್ಲಿ ಗಂಟಮ್ಮ ಊಟ ಮಾಡದೆ, ಬಾಗಿಲಿಗೆ ಅಗಳಿ ಹಾಕದೆ ಕಾಯುತ್ತ ಕೂತಿರುತ್ತಾಳೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು. ಒಬ್ಬರಿಗಾಗಿ ಕಾಯುತ್ತ ಕೂರುವುದಕ್ಕೂ ಒಂದು ಮನೆ ಬೇಕಲ್ಲ.